‘ನಾನ್‌ಇನ್ವೇಸಿವ್’ ಅನ್ನಲು ‘ಚುಚ್ಚದ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಚರ್ಮದ ಡಾಕ್ಟರೊಬ್ಬರಿಗಾಗಿ ಎರಡು ಪುಟದ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೆವರು ನೋಡಿ ಚರ್ಮದ ಆರೋಗ್ಯ ತಿಳಿಯುವ ವಿಚಾರ. ‘ನಾನ್‌ಇನ್ವೇಸಿವ್’ (ಮೈ ಚುಚ್ಚದೆ, ಕೊಯ್ಯದೆ, ಒಳಗೆ ಏನನ್ನೂ ತೂರಿಸದೆ ಮಾಡುವ) ಎಂಬಲ್ಲಿ ಗಾಡಿ ನಿಂತಿದೆ. ಮೊದಲು ‘ಅನಾಕ್ರಮಣಕಾರಿ’ ಅಂತ ಬರೆದಿದ್ದೆ. ಅಮ್ಮ ಓದಿ, “ಬೆವರು ಯಾರ ಮೇಲೆ ದಂಡೆತ್ತಿ ಹೋಗ್ತದೆ ಮಾರಾಯ?” ಅಂದರು. ಹೊಡೆದುಹಾಕಿದೆ.

‘ಹಾನಿರಹಿತ’ ಅಂತ ಬರೆಯುವವರೂ ಇದ್ದಾರೆ. ಅದು ಬೇರೆಯೇ ಮಾತು. ಎಕ್ಸ್‌ರೇ ಮೈ ಕೊಯ್ಯುವುದಿಲ್ಲ, ಹಾಗಂತ ಗರ್ಭಿಣಿಯರಿಗೆ ಸುಮ್ನೆ ತೆಗೆಯುತ್ತಾರಾ? ‘ನೋವಿಲ್ಲದ’ ಕೂಡ ಪೂರ್ತಿ ಹೊಂದುವುದಿಲ್ಲ. ಬೆವರು ಬರಿಸಲು ಪೈಲೊಕಾರ್ಪಿನ್ ಎಂಬ ಔಷಧಿಯನ್ನು ಸಣ್ಣ ಕರೆಂಟಿನಿಂದ ಚರ್ಮದೊಳಗೆ ಇಳಿಸುವ ಕ್ರಮ ಉಂಟು. ಆಗ ಸ್ವಲ್ಪ ಚುರುಗುಟ್ಟಬಹುದು. (ಏಪ್ರಿಲ್ ಸೆಕೆಯಲ್ಲಿ ಉಡುಪಿಯವರಿಗೆ ಈ ಉಪಚಾರ ಯಾಕೆ ಅಂತ ಕೇಳಬೇಡಿ.)

ಸದ್ಯ ಹೀಗೆ ಬರೆದಿದ್ದೇನೆ: “ಸೂಜಿ ಚುಚ್ಚದೆ, ಚರ್ಮದ ಚೂರು ಕೊಯ್ಯದೆ, ತೋಳಿಗೆ ಅಂಟಿಸಿದ ಪಟ್ಟಿಯಲ್ಲಿ ಬೆವರು ಹಿಡಿದು ಪರೀಕ್ಷಿಸುತ್ತಾರೆ. ಬೆವರಿನಲ್ಲಿ ಬರೀ ಉಪ್ಪುನೀರಲ್ಲ, ಡರ್ಮ್‌ಸಿಡಿನ್ ಎಂಬ ಪ್ರೋಟೀನೂ ಇದೆ. ಅದರ ತುಣುಕುಗಳು ಚರ್ಮದ ಮೇಲಿನ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ. ಅಟೋಪಿಕ್ ಇಸುಬು ಇರುವವರ ಬೆವರಿನಲ್ಲಿ ಅವು ಕಡಿಮೆ ಕಂಡುಬಂದಿವೆ.”

ವಾಕ್ಯದೊಳಗೆ ಇದು ನಡೆಯುತ್ತದೆ. ತಲೆಬರಹಕ್ಕೆ ಬಂದಾಗಲೇ ತೊಡಕು. ‘ಚುಚ್ಚದ ಪರೀಕ್ಷೆ’ ಅಂದರೆ ಬಾಯಿಂದ ಕೊಳವೆ ಇಳಿಸುವ ಎಂಡೋಸ್ಕೋಪಿಯೂ ಅದರೊಳಗೆ ಬಂದುಬಿಡುತ್ತದೆ, ಅಲ್ವಾ? ಅಲ್ಲಿ ಚುಚ್ಚುವುದೂ ಇಲ್ಲ, ಕೊಯ್ಯುವುದೂ ಇಲ್ಲ, ಆದರೆ ಕೊಳವೆ ಒಳಗೆ ಹೋಗುತ್ತದೆ. ‘ಮೈಹೊಗದ ಪರೀಕ್ಷೆ’ ಅಂದರೆ ಅದು ಹೊರಗುಳಿಯುತ್ತದೆ. ಕೇಳಲೂ ಚೆನ್ನ. ಆದರೆ ಮೇಲೆ ಹೇಳಿದ ಔಷಧಿ ಚರ್ಮದೊಳಗೆ ಹೋಗುತ್ತದಲ್ಲ! ಮತ್ತೆ, ಓಪಿಡಿಯಲ್ಲಿ ಚೀಟಿ ಹಿಡಿದು ಕೂತವರಿಗೆ ‘ಹೊಗು’ ಥಟ್ಟನೆ ಹೊಳೆಯುತ್ತದಾ? ನನಗೆ ‘ಚುಚ್ಚದ’ ಕಡೆಗೇ ಒಲವು ಜಾಸ್ತಿ. ಯಾರಾದರೂ ಇದಕ್ಕಿಂತ ಒಳ್ಳೆಯದನ್ನು ಬಳಸಿದ್ದೀರಾ?

ಇನ್ನೊಂದು ಸಣ್ಣದು. ‘ಬೆವರು ಪರೀಕ್ಷೆ’ ಎಂಬ ಹೆಸರು ಆಗಲೇ ಬೇರೆಯದಕ್ಕೆ ಅಂಟಿದೆ. 1959ರಿಂದ ಬಂದ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಪತ್ತೆಗೆ ಬೆವರಿನ ಕ್ಲೋರೈಡ್ ಅಳೆಯುವ ಪರೀಕ್ಷೆ ಅದು. ಹಾಗಾಗಿ ನಾನು ‘ಬೆವರಿನಿಂದ ಚರ್ಮ ತಪಾಸಣೆ’ ಅಂತ ಇಟ್ಟಿದ್ದೇನೆ. ಉದ್ದವಾಯಿತಾ?

ಅಂದ ಹಾಗೆ, ಡಾಕ್ಟರು ‘ಬೆವರುಸಾಲೆ’ ಇರಲಿ ಎನ್ನುತ್ತಾರೆ. ನಾನು ಅದಕ್ಕೆ ನಮ್ಮ ಕರಾವಳಿಯ ‘ಸೆಕೆಬೊಕ್ಕೆ’ ಬಿಡುವುದಿಲ್ಲ. ಕರಪತ್ರ ಘಟ್ಟ ಹತ್ತುವುದಿಲ್ಲವಲ್ಲ.