ಬೇಲ್ ಮೇಲೆ ಬಂದವರು ‘ಬಿಡುಗಡೆ’ ಆದ ಹಾಗಾ?

ತೆಂಗಿನತೋಟ:
ನಮ್ಮ ಬೀದಿಯ ಒಬ್ಬರಿಗೆ ಹೋದ ವಾರ ಬೇಲ್ ಸಿಕ್ಕಿತು. ಬೀದಿಯವರೆಲ್ಲಾ ‘ಬಿಡುಗಡೆ ಆಯ್ತಂತೆ’ ಅಂತಿದ್ದಾರೆ. ಅವರ ಹೆಂಡತಿ ಮಾತ್ರ ‘ಎಂಥ ಬಿಡುಗಡೆ, ವಾರಕ್ಕೊಂದು ಸಲ ಸ್ಟೇಷನ್ನಿಗೆ ಹೋಗಿ ಸಹಿ ಹಾಕಬೇಕು, ಜಿಲ್ಲೆ ದಾಟೋ ಹಾಗಿಲ್ಲ’ ಅಂದರು. ಇತ್ತ ಮಗಳು ಸಂವಿಧಾನದ ಪಾಠ ಓದುತ್ತಾ, 19ನೇ ವಿಧಿ 21ನೇ ವಿಧಿ ಎರಡರಲ್ಲೂ ಸ್ವಾತಂತ್ರ್ಯ ಅಂತಲೇ ಇದೆ, ಇಂಗ್ಲಿಷಿನಲ್ಲಿ ಮಾತ್ರ ಒಂದು ಕಡೆ ಫ್ರೀಡಂ ಇನ್ನೊಂದು ಕಡೆ ಲಿಬರ್ಟಿ, ಯಾಕೆ ಅಂತ ಕೇಳುತ್ತಾಳೆ. ಗೊತ್ತಿರುವವರು ಹೇಳಿ.

ಕರಿಕೋಟು:
ವಕೀಲಿಕೆ ಮಾಡುತ್ತೇನೆ. ಆ ಹೆಣ್ಣುಮಗಳು ಹೇಳಿದ್ದೇ ಸರಿ. ಜಾಮೀನು ಅಂದರೆ ಕೇಸು ಮುಗಿದಿಲ್ಲ, ಕರೆದಾಗ ಬರುತ್ತೇನೆ ಅಂತ ಬರೆದುಕೊಟ್ಟು ಹೊರಗಿರುವುದು, ಅಷ್ಟೇ. ಆರೋಪ ಸಾಬೀತಾಗದೆ ಕೋರ್ಟು ಬಿಟ್ಟರೆ ಖುಲಾಸೆ. ಸನ್ನಡತೆ ನೋಡಿ ಸರ್ಕಾರ ಅವಧಿಗೆ ಮೊದಲೇ ಬಿಡುತ್ತದಲ್ಲ, ಅದಕ್ಕೂ ಬಿಡುಗಡೆ ಅಂತಾರೆ, ಆದರೆ ಅವನ ಮೇಲಿನ ಅಪರಾಧ ಅಳಿಸಿಹೋಗುವುದಿಲ್ಲ. ಮೂರಕ್ಕೂ ಒಂದೇ ಪದ ಬಳಸಿ ನಾವೇ ಗೊಂದಲ ಮಾಡಿಕೊಂಡಿದ್ದೇವೆ.

ಮಗಳ ಪ್ರಶ್ನೆ ಚೆನ್ನಾಗಿದೆ. 19ರಲ್ಲಿರುವುದು ಬಿಡಿಬಿಡಿ ಪಟ್ಟಿ: ಮಾತು, ಸಭೆ, ಸಂಘ, ಓಡಾಟ, ವಾಸ, ಕಸುಬು. ಮೊದಲು ಏಳಿತ್ತು, ಆಸ್ತಿಯದ್ದನ್ನು 1978ರ 44ನೇ ತಿದ್ದುಪಡಿ ತೆಗೆದುಹಾಕಿತು. ಇದು ನಾಗರಿಕರಿಗೆ ಮಾತ್ರ. 21 ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ್ದು, ಅದು ಹಾಗಲ್ಲ, ಇಲ್ಲಿರುವ ವಿದೇಶಿಯನ್ನೂ ಸುಮ್ನೆ ಹಿಡಿದಿಡುವ ಹಾಗಿಲ್ಲ. 1950ರ ಗೋಪಾಲನ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಎರಡನ್ನೂ ಬೇರೆ ಬೇರೆಯಾಗಿ ಓದಿತು. 1978ರಲ್ಲಿ ಮೇನಕಾ ಗಾಂಧಿ ಪಾಸ್‌ಪೋರ್ಟ್ ಕೇಸು ಬಂದಾಗ, ಕೂಡಿಸಿ ಓದಬೇಕು, ಕಾನೂನು ಇದ್ದರೆ ಸಾಲದು, ಅದು ನ್ಯಾಯವಾಗಿಯೂ ಇರಬೇಕು ಅಂದಿತು. ಹಾಗಾಗಿ ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರುವುದು ಅಂಥ ತಪ್ಪೇನಲ್ಲ ಅಂತ ನನಗನಿಸುತ್ತದೆ.

ಕೆಂಪುಬಸ್ಸು:
ನಮ್ಮಮ್ಮನಿಗೆ ಈ ವಿಧಿಗಳು ಯಾವುವೂ ಗೊತ್ತಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಆಮೇಲೆ ‘ತವರಿಗೆ ಹೋಗೋಕೆ ಯಾರ ಹತ್ತಿರಾನೂ ದುಡ್ಡು ಕೇಳಬೇಕಿಲ್ಲ’ ಅಂದರು. ಓಡಾಡುವ ಹಕ್ಕು 1950ರಿಂದಲೇ ಇತ್ತು, ಟಿಕೆಟ್ಟಿಗೆ ದುಡ್ಡಿರಲಿಲ್ಲ ಅಷ್ಟೇ! ಫ್ರೀ ಅಂದರೆ ಪುಕ್ಕಟೆ ಅಂತ ನಗುತ್ತಾರೆ, ಅಮ್ಮನಿಗೆ ಎರಡೂ ಅರ್ಥ ಒಂದೇ ಬಸ್ಸಿನಲ್ಲಿ ಬಂದವು.

ಹಳೇತಲೆ:
ಬಸ್ಸಿನ ಮಾತು ಒಪ್ಪಿದೆ. ಆದರೆ ‘ಮಗಳಿಗೆ ಸ್ವಾತಂತ್ರ್ಯ ಕೊಟ್ಟಿದ್ದೇವೆ’ ಅನ್ನೋ ಮಾತು ಕೇಳಿದರೆ ಮೈ ಉರಿಯುತ್ತದೆ. ಕೊಡೋದು ಸಲುಗೆ. ಕೊಟ್ಟವರು ವಾಪಸ್ ತಗೋಬಹುದು. ಸ್ವಾತಂತ್ರ್ಯ ಹಾಗಲ್ಲ ಅಲ್ವಾ? ಅದನ್ನು ಕೋರ್ಟೇ ಒಮ್ಮೆ ಮರೆತಿತ್ತು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ‘ಯಾಕೆ ಹಿಡಿದಿಟ್ಟಿದ್ದೀರಿ’ ಅಂತ ಕೇಳಿ ಕೋರ್ಟಿಗೆ ಬರುವ ಹಾಗೇ ಇಲ್ಲ ಅಂದುಬಿಟ್ಟರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ, ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ್ದ ಕೇಸಿನಲ್ಲಿ.

ಕರಿಕೋಟು:
ಯಜಮಾನರೇ, ಸಲುಗೆ ಅನ್ನೋ ಪದ ಚೆನ್ನಾಗಿ ನೆನಪಿಸಿದಿರಿ. 19ರಲ್ಲೂ ಸರ್ಕಾರ ಮಿತಿ ಹಾಕಬಹುದು, ಆದರೆ ಯಾಕೆ ಹಾಕಿದ್ದು ಅಂತ ಸರ್ಕಾರವೇ ಕಾರಣ ತೋರಿಸಬೇಕು. ಮನೆಯಲ್ಲಿ ಉಲ್ಟಾ, ಕಾರಣ ಹೇಳಬೇಕಾದವಳು ಮಗಳು.

ತೆಂಗಿನತೋಟ:
ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ, ಕೊನೆಯ ಸಾಲನ್ನು ಎರಡು ಸಲ ಓದಿಸಿಕೊಂಡಳು. ವಕೀಲರೇ, ಇನ್ನೊಂದೇ ಒಂದು. ಆ ಮನೆಯಲ್ಲಿ ಮುಂದಿನ ತಿಂಗಳು ತಂಗಿ ಮದುವೆ, ಪಕ್ಕದ ಜಿಲ್ಲೆಯಲ್ಲಿ. ಅವರು ಹೋಗೋ ಹಾಗೇ ಇಲ್ವಾ?

ಕರಿಕೋಟು:
ಷರತ್ತು ಹಾಕಿದ ಕೋರ್ಟಿಗೇ ಸಡಿಲಿಸಿ ಅಂತ ಅರ್ಜಿ ಹಾಕಿಸಿ. ಎಷ್ಟು ದಿನ, ಎಲ್ಲಿಗೆ ಅಂತ ಸರಿಯಾಗಿ ಬರೆಯಲಿ. ಲಗ್ನಪತ್ರಿಕೆ ಜೊತೆಗಿಡೋದು ಮರೆಯಬೇಡಿ. ಅನುಮತಿ ಕೈಗೆ ಬರುವ ತನಕ ಬಸ್ ಹತ್ತೋದು ಬೇಡ.