ಅಪ್‌ಡೇಟ್: ಹ್ಯಾಲೋವೀನ್ ಸಮಯದಲ್ಲಿ ಪುಟ್ಟ ಮಕ್ಕಳ ಜೊತೆ ಹೋಗಿ ಬಂದೆವು

ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್ ಅನ್ನೋ ಥೀಮ್ ಪಾರ್ಕಿಗೆ 3 ಮತ್ತು 6 ವರ್ಷದ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ, ಹೆದರಿಬಿಡುತ್ತಾರಾ ಅಂತ ಕೇಳಿದ್ದೆ ಅಲ್ವಾ? ಹೋಗಿ ಬಂದೆವು. ತುಂಬಾ ಖುಷಿಯಾಯಿತು!

ಹಗಲಲ್ಲೇ ಹೋಗಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. 1973ರಲ್ಲಿ ಶುರುವಾದ ಸ್ಕೇರಿ ಫಾರ್ಮ್ ಅನ್ನೋ ಅಲ್ಲಿನ ಹೆದರಿಸುವ ಹ್ಯಾಲೋವೀನ್ ಕಾರ್ಯಕ್ರಮ ರಾತ್ರಿ ನಡೆಯುವಂಥದ್ದು, ಅದಕ್ಕೆ ಟಿಕೆಟ್ಟೇ ಬೇರೆ, 13 ವರ್ಷದೊಳಗಿನ ಮಕ್ಕಳಿಗೆ ಅದು ಬೇಡ ಅಂತ ಪಾರ್ಕಿನವರೇ ಹೇಳುತ್ತಾರೆ. ಅದು ಇರುವ ದಿನ ಪಾರ್ಕ್ ಬೇಗ ಮುಚ್ಚುತ್ತದೆ, ಹಾಗಾಗಿ ಸಮಯ ನೋಡಿಕೊಂಡೇ ಹೊರಡಿ.

ಚಿಕ್ಕವಳು ಮೊದಲ ಅಸ್ಥಿಪಂಜರದ ಗೊಂಬೆ ಕಂಡ ಕೂಡಲೇ ನನ್ನ ಕಾಲು ತಬ್ಬಿಕೊಂಡಳು. ಹತ್ತಿರ ಹೋಗು ಅಂತ ಬಲವಂತ ಮಾಡಲಿಲ್ಲ. ಸುಮ್ನೆ ಅವಳ ಪಕ್ಕ ಕೂತು, ಇದು ಗೊಂಬೆ ಪುಟ್ಟಿ, ಇದರ ಟೋಪಿ ನೋಡು, ನಮ್ಮ ಹಾಗೇ ಇದೂ ವೇಷ ಹಾಕಿಕೊಂಡಿದೆ ಅಂತ ಮೆಲ್ಲಗೆ ಹೇಳುತ್ತಾ ಹೋದೆ. ಹತ್ತು ನಿಮಿಷಕ್ಕೆ ಸಿಕ್ಕಸಿಕ್ಕ ಗೊಂಬೆಗೆಲ್ಲ ಟಾಟಾ ಮಾಡುತ್ತಿದ್ದಳು! ಆಮೇಲೆ ಜಾಸ್ತಿ ಹೊತ್ತು ಕ್ಯಾಂಪ್ ಸ್ನೂಪಿಯಲ್ಲೇ ಕಳೆದೆವು, ಪುಟ್ಟ ಮಕ್ಕಳ ರೈಡ್‌ಗಳು ಅಲ್ಲೇ ಇರುವುದು. ಅಲ್ಲಿಂದ ಹೊರಡಿಸುವುದೇ ಕಷ್ಟವಾಯಿತು.

ದೊಡ್ಡವನು ಈಗಲೇ ಮುಂದಿನ ವರ್ಷದ ವೇಷ ಯಾವುದು ಅಂತ ಕೇಳುತ್ತಿದ್ದಾನೆ.