ನಂದಿ ಗುಡಿ ಲೈಟಿಂಗ್ ಫೋಟೋ, ಎಚ್‌ಡಿಆರ್ ಮಾಡಿದ್ರೆ ಕಲ್ಲು ಪ್ಲಾಸ್ಟಿಕ್ ಥರ ಕಾಣ್ತಿದೆ

ಪ್ರಶ್ನೆ: ಶಿವರಾತ್ರಿಗೆ ನಂದಿ ಬೆಟ್ಟದ ಕೆಳಗಿರೋ ಭೋಗನಂದೀಶ್ವರ ಗುಡಿಗೆ ಹೋಗಿದ್ದೆ, ಎಚ್‌ಡಿಆರ್‌ಗೆ ಅಂತ 3 ಎಕ್ಸ್‌ಪೋಷರ್ (ಒಂದೇ ದೃಶ್ಯದ ಡಾರ್ಕ್, ನಾರ್ಮಲ್, ಬ್ರೈಟ್ ಫೋಟೋ) ತೆಗ್ದು ಲೈಟ್‌ರೂಮ್ ಎಡಿಟಿಂಗ್ ಆ್ಯಪಲ್ಲಿ ಒಂದೇ ಫೋಟೋ ಆಗಿ ಮರ್ಜ್ ಮಾಡ್ದೆ, ಆದ್ರೆ ಶಿಖರದ ಸುತ್ತ ಬೆಳ್ಳಗೆ ಹೊಗೆ ಥರ ಅಂಚು, ಬಲ್ಬ್ ಇರೋ ಜಾಗ ಪೂರ್ತಿ ಬಿಳಿ. ಏನ್ಮಾಡ್ಲಿ?

ಉತ್ತರ: ಅದು ಹ್ಯಾಲೋ ಗುರು, ಕ್ಲಾರಿಟಿ (ವಿವರ ಎದ್ದು ಕಾಣಿಸೋದು), ಶ್ಯಾಡೋಸ್ (ನೆರಳನ್ನ ಬೆಳಗಿಸೋದು) ಸ್ಲೈಡರ್ ಜಾಸ್ತಿ ಎಳ್ದಿದೀಯ ಅನ್ಸತ್ತೆ. ಕಮ್ಮಿ ಮಾಡು, ಆಕಾಶ ಕಪ್ಪಗೇ ಇರ್ಲಿ, ರಾತ್ರಿ ರಾತ್ರಿ ಥರಾನೇ ಕಾಣ್ಬೇಕು. ಬಿಳಿ ಆಗೋಗಿರೋ ಬಲ್ಬ್ ಸ್ಲೈಡರ್ ಎಳೆದ್ರೆ ವಾಪಸ್ ಬರಲ್ಲ, ತೆಗೆಯುವಾಗ್ಲೇ ಇನ್ನೂ ಡಾರ್ಕ್ ಫ್ರೇಮ್ ಬೇಕು: ರಾ ಫೈಲ್ (ಜೆಪೆಗ್ ಅಲ್ಲ, ಸೆನ್ಸರ್‌ನ ಪೂರ್ತಿ ಡೇಟಾ), ಐಎಸ್‌ಒ (ಬೆಳಕಿನ ಸೆನ್ಸಿಟಿವಿಟಿ) 100, 2 ಸ್ಟಾಪ್ ಗ್ಯಾಪಲ್ಲಿ (ಒಂದಕ್ಕಿಂತ ಇನ್ನೊಂದಕ್ಕೆ ಬೆಳಕು 4 ಪಟ್ಟು) 5 ಫ್ರೇಮ್, ಅಪರ್ಚರ್ (ಲೆನ್ಸ್ ತೆರೆದಿರೋ ಅಳತೆ) ಮುಟ್ಬೇಡ, ಶಟರ್ ಸ್ಪೀಡ್ ಮಾತ್ರ ಬದಲಾಯ್ಸು.

ಉತ್ತರ: ಜನ ಓಡಾಡಿದ್ರೆ ಮರ್ಜ್ ಮಾಡೋವಾಗ ಡೀಘೋಸ್ಟ್ (ಓಡಾಡಿದವರು ನೆರಳಿನ ಥರ ಎರಡೆರಡಾಗಿ ಕಾಣೋದನ್ನ ತೆಗೆಯೋ ಆಪ್ಷನ್) ಆನ್ ಮಾಡಿ. ಸೂರ್ಯ ಮುಳುಗಿ 20 ನಿಮಿಷಕ್ಕೆ ತೆಗೀರಿ, ಆಕಾಶ ಇನ್ನೂ ನೀಲಿ ಇರತ್ತೆ, ಎಚ್‌ಡಿಆರೇ ಅಷ್ಟಾಗಿ ಬೇಕಾಗಲ್ಲ.

ಪ್ರಶ್ನೆ ಕೇಳಿದವರು: ಕ್ಲಾರಿಟಿ 60 ಇತ್ತು, 10ಕ್ಕೆ ಇಳಿಸ್ದೆ, ಶ್ಯಾಡೋಸೂ ಕಮ್ಮಿ ಮಾಡ್ದೆ, ಕಂಬದ ಕೆತ್ತನೆ ಸಂದಿನಲ್ಲಿದ್ದ ನೆರಳು ವಾಪಸ್ ಬಂತು! ತುಂಬಾ ಥ್ಯಾಂಕ್ಸ್.